ಗುಮಾಸ್ತನ ಬಿಳಿ ಉಗುರು

ಮನೆ, ಮುಂಗೋಣೆಯ ಮೇಜು
ಭಾನುವಾರ, ಅಕ್ಟೋಬರ್ ೧೨

ಪ್ರೀತಿಯ ಗುಬ್ಬಿ,

ನಿನ್ನ ಕೆಮ್ಮು ಹೇಗಿದೆ? ಹೋದ ಪತ್ರದ ಎರಡನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಅದರ ವಿಷಯ ಮುಗಿಸಿದ್ದೀಯ. ಒಂದೇ ಸಾಲಿನಲ್ಲಿ ಮುಗಿಸಿದ ವಿಷಯಗಳ ಮೇಲೆ ನನಗೆ ಈಚೆಗೆ ನಂಬಿಕೆ ಕಡಿಮೆಯಾಗಿದೆ. ಯಾಕೆಂದು ಮುಂದೆ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಮಳೆಮಾಪಕ ನೋಡಲು ಹೋಗುವಾಗ ಕಿವಿಗೆ ಬಟ್ಟೆ ಸುತ್ತಿಕೊ. ಹವಾಮಾನ ಕೇಂದ್ರದಲ್ಲಿ ನೀವು ಮೂವರಿದ್ದರೂ ಬೆಳಗಿನ ಪಾಳಿ ನಿನ್ನೊಬ್ಬಳ ಪಾಲಿಗೇ ಯಾಕೆ ಬರುತ್ತದೆ ಎಂಬುದೂ ನನಗೆ ತಿಳಿದಿಲ್ಲ. ದ್ವೀಪದಲ್ಲಿ ಔಷಧ ಸಿಗದಿದ್ದರೆ ಬರೆ. ಹದಿನೈದು ದಿನಕ್ಕೊಮ್ಮೆ ಬರುವ ದೋಣಿಯಲ್ಲಿ ಕಾಗದ ಬರುವುದಾದರೆ ಒಂದು ಸೀಸೆಯೂ ಬರಬಹುದು.

ನನ್ನ ಬಲಗಣ್ಣು ಚೆನ್ನಾಗಿದೆ. ಪೊರೆ ತೆಗೆಸಿ ಹೋದ ತಿಂಗಳಿಗೆ ಒಂದು ವರ್ಷವಾಯಿತು. ಎಡಗಣ್ಣಿನದನ್ನು ಮುಂದಿನ ತಿಂಗಳು ತೆಗೆಯುತ್ತಾರಂತೆ. ಸ್ಟುಡಿಯೋ ಎಂದಿನಂತೆ ನಡೆದಿದೆ. ಗುರುತಿನ ಚೀಟಿಗೆ ಮುಖ ಬೇಕಾದವರು ಇರುವವರೆಗೆ ನನಗೆ ಕೆಲಸವಿದೆ. ನಿನ್ನ ಅತ್ತೆಯ ಆರೋಗ್ಯವೂ ಚೆನ್ನಾಗಿದೆ. ಆದರೆ ಶುಕ್ರವಾರದಿಂದ ಅಕ್ಕ ತಮ್ಮ ಇಬ್ಬರೂ ಮಾತಾಡುತ್ತಿಲ್ಲ. ಅವಳ ಚೀಲ ನಡುಮನೆಯ ಬಾಗಿಲ ಬಳಿ ತುಂಬಿ ನಿಂತಿದೆ. ಮಂಗಳವಾರ ಬೆಳಗಿನ ಬಸ್ಸಿಗೆ ನಿನ್ನ ಚಿಕ್ಕತ್ತೆಯ ಮನೆಗೆ ಹೊರಡುತ್ತಾಳೆ. ಮತ್ತೆ ಬರುವ ಹಾಗೆ ಕಾಣುವುದಿಲ್ಲ. ಕಾರಣ ಗುಮಾಸ್ತ.

ಗುಮಾಸ್ತ ಬದುಕಿದ್ದಾನೆ, ಗಾಬರಿಯಾಗಬೇಡ. ಅಥವಾ ಇನ್ನೊಂದು ರೀತಿಯಲ್ಲಿ ಹೇಳಬೇಕು: ಗಾಜಿನ ಪೆಟ್ಟಿಗೆಯಲ್ಲಿ ಗುಮಾಸ್ತನೆಂಬ ಹೆಸರಿನ ಒಂದು ಜರ್ಬಿಲ್ ಇಲಿ ಬದುಕಿದೆ. ಕ್ರಮವಾಗಿ ಬರೆಯುತ್ತೇನೆ. ನೀನೂ ಕ್ರಮವಾಗಿ ಓದು, ಕೊನೆಯ ಪುಟಕ್ಕೆ ಹಾರಬೇಡ.

ಹತ್ತು ದಿನದ ಹಿಂದೆ ಅವನನ್ನು ಎತ್ತಿ ತೂಕದ ಬಟ್ಟಲಲ್ಲಿ ಕೂರಿಸುವಾಗ ಹೊಟ್ಟೆಯ ಕೆಳಗೆ ಒಂದು ಗಂಟು ಬೆರಳಿಗೆ ತಾಗಿತು. ಅವರೆಕಾಳಿನಷ್ಟು. ಅವನಿಗೆ ವಯಸ್ಸಾಗುತ್ತಿರುವುದು ನನಗೆ ಗೊತ್ತು. ವಾರಕ್ಕೊಂದು ಚಿತ್ರ ತೆಗೆಯುವವನಿಗೆ ಗೊತ್ತಾಗದೆ ಇರುತ್ತದೆಯೇ? ಮೀಸೆಯ ಬುಡ ಬೆಳ್ಳಗಾಗಿದೆ, ಬೆನ್ನು ಸಣ್ಣಗೆ ಗೂನಾಗಿದೆ. ಮೊದಲು ಒಂದು ರಟ್ಟಿನ ಡಬ್ಬಿ ಕೊಟ್ಟರೆ ಸಂಜೆಯೊಳಗೆ ಕಚೇರಿಯ ಹಳೆಯ ಕಡತದಂತೆ ಚೂರುಚೂರು ಮಾಡಿ ಹಾಕುತ್ತಿದ್ದ. ಈಗ ಅದೇ ಡಬ್ಬಿಗೆ ನಾಲ್ಕು ದಿನ ಬೇಕು. ನಡುವೆ ಡಬ್ಬಿಯೊಳಗೇ ನಿದ್ದೆ ಮಾಡುತ್ತಾನೆ. ನಿಜವಾದ ಗುಮಾಸ್ತರೂ ನಿವೃತ್ತಿ ಹತ್ತಿರವಾದಾಗ ಹೀಗೇ ಎಂದು ನಿನ್ನ ಅತ್ತೆ ಹೇಳಿದಳು. ಆಗ ನಾವಿನ್ನೂ ಮಾತಾಡುತ್ತಿದ್ದೆವು.

ಬುಧವಾರ ಮಧ್ಯಾಹ್ನ ಸ್ಟುಡಿಯೋ ಮುಚ್ಚಿ ಅವನನ್ನು ಪಶುವೈದ್ಯೆಯ ಬಳಿ ಒಯ್ದೆ. ನೀನು ಕಾಲೇಜಿನಲ್ಲಿದ್ದಾಗ ಒಮ್ಮೆ ಅವನನ್ನು ತೋರಿಸಿದ್ದೆಯಲ್ಲ, ಅದೇ ಆಸ್ಪತ್ರೆ. ಆಗ ಮಾಡಿಸಿದ ಕಾರ್ಡು ಇನ್ನೂ ಅಲ್ಲಿತ್ತು. ಆಕೆ ಗಂಟನ್ನು ಒತ್ತಿ ನೋಡಿ, ಹಲ್ಲು ನೋಡಿ, ಇದು ವಯಸ್ಸಿನ ಗಂಟು, ಸದ್ಯಕ್ಕೆ ಕೊಯ್ಯುವುದು ಬೇಡ ಎಂದು ಮುಲಾಮು ಬರೆದುಕೊಟ್ಟರು. ಆಮೇಲೆ ಕಾರ್ಡು ತೆಗೆದು ಓದಿ, ಅವನ ಮುಂಗಾಲನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಮತ್ತೆ ಕಾರ್ಡು ಓದಿದರು. "ಇದು ಬೇರೆ ಯಾರದೋ ಕಾರ್ಡು ಅನ್ಸುತ್ತೆ ಸಾರ್. ಇದ್ರಲ್ಲಿ ಬಲಗಡೆ ಮುಂಗಾಲಲ್ಲಿ ಒಂದು ಉಗುರು ಬಿಳಿ ಅಂತ ಬರೆದಿದೆ. ನಿಮ್ಮದಕ್ಕೆ ಎಲ್ಲಾ ಕಪ್ಪು. ವಯಸ್ಸೂ ತಾಳೆಯಾಗಲ್ಲ. ಕಾರ್ಡಿನ ಪ್ರಕಾರ ನಾಲ್ಕು ವರ್ಷ ಆಗ್ಬೇಕು, ಇದಕ್ಕೆ ಹೆಚ್ಚೆಂದ್ರೆ ಎರಡೂವರೆ." ಕಾರ್ಡಿನ ಮೇಲೆ ನಿನ್ನ ಕೈಬರಹದ ಸಹಿ ಇತ್ತು. ನಾನು ಡಬ್ಬಿಯ ಮುಚ್ಚಳ ಹಾಕಿ ಬಂದೆ.

ಅವತ್ತು ಸಂಜೆ ಸ್ಟುಡಿಯೋದಲ್ಲಿ ಕುಳಿತು ಹಳೆಯ ಚಿತ್ರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ನೀನು ಅವನನ್ನು ತಂದ ಮೊದಲ ವರ್ಷ ತೆಗೆದವು. ಕರಿಯ ಚಪ್ಪಡಿ ಕಲ್ಲಿನ ಮೇಲೆ ಕುಳಿತಿದ್ದಾನೆ, ಕೈಯಲ್ಲಿ ಸೂರ್ಯಕಾಂತಿ ಬೀಜ. ಬಲಗೈಯ ಮೂರನೆಯ ಉಗುರು ಅಕ್ಕಿಕಾಳಿನ ತುದಿಯಂತೆ ಬೆಳ್ಳಗಿದೆ. ಆ ಚಿತ್ರ ತೆಗೆದವನು ನಾನೇ, ನೋಡಿದ್ದು ಮಾತ್ರ ಈಗ. ಅದರಲ್ಲಿ ಆಶ್ಚರ್ಯವಿಲ್ಲ. ಗುರುತಿನ ಚಿತ್ರದಲ್ಲಿ ಕೈ ಬರುವುದಿಲ್ಲ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಎರಡು ಕಿವಿಯೂ ಕಾಣಬೇಕು, ಹಿಂದೆ ನೆರಳು ಬೀಳಬಾರದು. ಮೂವತ್ತು ವರ್ಷದಿಂದ ನನ್ನ ಕಣ್ಣು ಯಾರ ಎದೆಯಿಂದಲೂ ಕೆಳಗೆ ಇಳಿದಿಲ್ಲ. ಸಾಲದ್ದಕ್ಕೆ ಆಗ ಪೊರೆ ಬೇರೆ. ಎರಡು ವರ್ಷ ನನ್ನ ಬದಲು ಕ್ಯಾಮೆರಾವೇ ನೋಡುತ್ತಿತ್ತು. ಅದನ್ನು ಗಿರಾಕಿಗಳಿಗೆ ಗೊತ್ತಾಗದಂತೆ ನಾನು ಎಷ್ಟು ಜಾಣತನದಿಂದ ನಡೆಸಿದೆನೆಂದು ನಿನಗೊಬ್ಬಳಿಗೆ ಗೊತ್ತು.

ಅಂದರೆ ಯಾರೋ ಗುಮಾಸ್ತನನ್ನು ಬದಲಾಯಿಸಿದ್ದಾರೆ. ಮನೆಯಲ್ಲಿರುವವರು ಇಬ್ಬರು. ನಾನಲ್ಲ.

ನಿನ್ನ ಅತ್ತೆಯ ಮೇಲೆ ನನಗೆ ಸುಮ್ಮನೆ ಅನುಮಾನ ಬರಲಿಲ್ಲ. ಮೊದಲನೆಯದಾಗಿ ಅವನ ಪೆಟ್ಟಿಗೆಯೊಳಗಿದ್ದ ಆ ಚಪ್ಪಡಿ ಕಲ್ಲು. ಎರಡು ಅಂಗೈಯಗಲದ ಆ ಕಲ್ಲು ಅವನಿಗೆ ಬೇಸಿಗೆಯಲ್ಲಿ ತಂಪು, ಉಗುರು ಸವೆಯಲು ಒಳ್ಳೆಯದು, ನನಗೆ ಚಿತ್ರ ತೆಗೆಯಲು ಪೀಠ. ಪ್ರತಿ ಭಾನುವಾರ ನಾನೇ ತೊಳೆದು ಇಡುತ್ತಿದ್ದೆ. ಒಂದೆಳೆ ವಾಲಿದರೂ ಚಿತ್ರದಲ್ಲಿ ಗೊತ್ತಾಗುತ್ತದೆಂದು ಅಲ್ಲಾಡದ ಹಾಗೆ ಒತ್ತಿ ಕೂರಿಸುತ್ತಿದ್ದದ್ದು ನಿನಗೆ ನೆನಪಿರಬಹುದು. ಕಣ್ಣಿನ ಚಿಕಿತ್ಸೆಯಾಗಿ ನಾನು ಎದ್ದು ಓಡಾಡುವ ಹೊತ್ತಿಗೆ ಅದು ಇರಲಿಲ್ಲ. ಅದರ ಜಾಗದಲ್ಲಿ ಮರದ ಸೇತುವೆಯೊಂದು ಬಂದಿತ್ತು. ಕೇಳಿದ್ದಕ್ಕೆ ಅಕ್ಕ "ತೊಳೀವಾಗ ಒಡೀತು ಕಣೋ" ಎಂದಳು. ಕಲ್ಲು ಪಿಂಗಾಣಿ ಬಟ್ಟಲೇ, ತೊಳೆಯುವಾಗ ಒಡೆಯಲು? ಆಗ ಕೇಳಲಿಲ್ಲ. ಎರಡನೆಯದು, ಅವಳ ಗುಂಡಿಗಳ ಪೆಟ್ಟಿಗೆ. ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಉಳಿದ ಗುಂಡಿಗಳನ್ನೆಲ್ಲ ಅವಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಗುರುವಾರ ಅವಳು ಸ್ನಾನಕ್ಕೆ ಹೋದಾಗ ನಾನದನ್ನು ಎತ್ತಿ ನೋಡಿದೆ. ಬದಿಗಳಲ್ಲಿ ಗಾಳಿಗೆಂದು ಕೊರೆದ ತೂತುಗಳಿವೆ. ಸಾಕುಪ್ರಾಣಿಯ ಅಂಗಡಿಯ ಪೆಟ್ಟಿಗೆ. ಗುಂಡಿಗಳಿಗೆ ಉಸಿರಾಟ ಬೇಕಾಗುತ್ತದೆಯೇ? ಮೂರನೆಯದು ಅವಳ ಪ್ರೀತಿ. ಬಂದ ಹೊಸದರಲ್ಲಿ ಪೆಟ್ಟಿಗೆಯಿಂದ ಮೂರು ಮಾರು ದೂರ ನಿಂತು "ಇಲೀನ ಮನೇಲಿ ಇಟ್ಕೊಂಡು ಸಾಕೋರನ್ನ ಇಲ್ಲೇ ನೋಡಿದ್ದು" ಎನ್ನುತ್ತಿದ್ದವಳು, ಈಗ ದಿನಾ ಬೆಳಿಗ್ಗೆ ಅವನಿಗೆ ರೇಡಿಯೋದ ಸುದ್ದಿಯನ್ನು ಸಾರಾಂಶ ಮಾಡಿ ಹೇಳುತ್ತಾಳೆ. ಕಾರಣವಿಲ್ಲದೆ ಯಾರ ಮನಸ್ಸೂ ಹೀಗೆ ಬದಲಾಗುವುದಿಲ್ಲ.

ಅವತ್ತೇ ಒಂದು ಪರೀಕ್ಷೆ ಮಾಡಿದೆ. ಸಣ್ಣತನವೆನ್ನಬೇಡ. ಊಟಕ್ಕೆ ಕುಳಿತಾಗ, ಯಾರನ್ನೂ ನೋಡದೆ, ಜರ್ಬಿಲ್‌ಗಳ ಉಗುರಿನ ಬಣ್ಣ ವಯಸ್ಸಾದಂತೆ ಬದಲಾಗುತ್ತದೆಯೋ ಏನೋ ಎಂದೆ. ಅವಳು ಸಾರಿನ ಸೌಟನ್ನು ಕೆಳಗಿಟ್ಟು, "ಯಾಕೆ, ಏನಾಯ್ತು ಉಗುರಿಗೆ?" ಎಂದಳು. ಧ್ವನಿ ಮೇಲೇರಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಿತ್ತು. ಆಮೇಲೆ ಸಾವರಿಸಿಕೊಂಡು, "ನೀನು ಆ ಪತ್ತೇದಾರಿ ಪುಸ್ತಕ ಓದೋದು ನಿಲ್ಸು" ಎಂದಳು. ನಾನು ಓದುವುದು ಪತ್ತೇದಾರಿ ಪುಸ್ತಕಗಳನ್ನಲ್ಲ. ದೂರದ ಭಾಷೆಗಳಿಂದ ಬಂದ ಕಾದಂಬರಿಗಳು, ಅವುಗಳಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ಹೀಗೆಂದು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಶುಕ್ರವಾರ ನೇರವಾಗಿ ಕೇಳಿಬಿಟ್ಟೆ. ಕಾರ್ಡಿನ ವಿಷಯ ಹೇಳಿ, ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಅವಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಳ್ಳಲೂ ಇಲ್ಲ. "ಹೌದು, ನಾನೇ ತಂದಿಟ್ಟೆ. ಬೇಸಿಗೇಲಿ ಒಂದಿನ ಮುಚ್ಚಳ ಹಾಕೋದು ಮರೆತೆ. ಬೆಕ್ಕು ಹಿಡೀತು. ನಿನ್ನ ಮೂತಿ ನೋಡೋಕಾಗಲ್ಲ ಅಂತ ಅಂಗಡೀಗೆ ಹೋಗಿ ಅಂಥದ್ದೇ ಇನ್ನೊಂದು ತಂದೆ. ಸಾಕಾ?" ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ನನಗೆ ಸಿಟ್ಟು ಬಂದದ್ದು ಬೆಕ್ಕಿನ ಮೇಲಲ್ಲ, ಮರೆವಿನ ಮೇಲೂ ಅಲ್ಲ. ಅಷ್ಟು ವಾರ ನಾನು ಅವನನ್ನು ಕೂರಿಸಿ ಚಿತ್ರ ತೆಗೆಯುವಾಗ ಪಕ್ಕದಲ್ಲಿ ನಿಂತು "ಇಲಿಗೆ ಪಾಸ್‌ಪೋರ್ಟ್ ಮಾಡಿಸ್ತೀಯೇನೋ, ಯಾವ ದೇಶಕ್ಕೆ ಕಳಿಸ್ತೀಯ?" ಎಂದು ನಗುತ್ತಿದ್ದಳಲ್ಲ, ಆ ನಗುವಿನ ಮೇಲೆ. ನಾನು ಹೇಳಬಾರದ ಮಾತು ಹೇಳಿದೆ. ಎರಡು ವಾರಕ್ಕೆಂದು ಬಂದವಳು ಒಂದು ವರ್ಷ ಉಳಿದೆ, ನನ್ನ ಕಣ್ಣು ನೋಡಿಕೊಳ್ಳಲು ಬಂದು ಕಣ್ಣಿಗೆ ಮಣ್ಣೆರಚಿದೆ ಎಂದೆ. ಅವಳು ತಿರುಗಿ ಬಯ್ಯಲಿಲ್ಲ. ಅಕ್ಕ ತಿರುಗಿ ಬಯ್ಯದೆ ಇದ್ದದ್ದು ನನಗೆ ನೆನಪಿರುವ ಮಟ್ಟಿಗೆ ಇದೇ ಮೊದಲು. ಒಳಗೆ ಹೋಗಿ ಚೀಲ ತೆಗೆದಳು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಿನ್ನೆ ಬೆಳಿಗ್ಗೆ ಚಹಾ ನಾನೇ ಮಾಡಿಕೊಂಡು ಕುಡಿಯುವಾಗ, ಆ ತಪ್ಪೊಪ್ಪಿಗೆ ತೀರಾ ಸಿದ್ಧವಾಗಿತ್ತಲ್ಲ ಎನ್ನಿಸಿತು. ದರ್ಜಿಯ ಹತ್ತಿರ ಅಳತೆ ಕೊಡುವ ಮೊದಲೇ ಅಂಗಿ ಸಿಕ್ಕ ಹಾಗೆ. ನೀನು ಹೋದಂದಿನಿಂದ ತೆಗೆದ ಚಿತ್ರಗಳನ್ನು ಮೇಜಿನ ಮೇಲೆ ಹರಡಿದೆ. ಇವತ್ತಿನದನ್ನು ಸೇರಿಸಿದರೆ ಈಗ ನಲವತ್ತೆಂಟು. ಭೂತಗನ್ನಡಿ ಹಿಡಿದು ಕೈಗಳನ್ನಷ್ಟೇ ನೋಡುತ್ತ ಹೋದೆ. ಸೆಪ್ಟೆಂಬರ್, ಜುಲೈ, ಏಪ್ರಿಲ್. ಬೇಸಿಗೆಗೆ ಮೊದಲಿನವು, ಚಳಿಗಾಲದವು. ಎಲ್ಲದರಲ್ಲೂ ಕಪ್ಪು ಉಗುರು. ಮೊಟ್ಟಮೊದಲನೆಯದು ನೀನು ದೋಣಿ ಹತ್ತುವ ಮುಂಚಿನ ದಿನದ್ದು. ಅವನು ನಿನ್ನ ಅಂಗೈಯಲ್ಲಿ ಕುಳಿತಿದ್ದಾನೆ, ನಿನ್ನ ಹೆಬ್ಬೆರಳು ಅವನ ಬಲ ಮುಂಗಾಲಿನ ಮೇಲಿದೆ. ಹೆಬ್ಬೆರಳಿನ ಪಕ್ಕದಲ್ಲಿ ಒಂದು ಉಗುರು ಇಣುಕುತ್ತಿದೆ. ಅದೂ ಕಪ್ಪು.

ಅಂದರೆ ಅಕ್ಕ ಸುಳ್ಳು ಹೇಳಿದ್ದಾಳೆ. ಬೇಸಿಗೆಯೂ ಇಲ್ಲ, ಬೆಕ್ಕೂ ಇಲ್ಲ. ಅವನು ಬದಲಾದದ್ದು ನೀನು ಮನೆಯಲ್ಲಿ ಇದ್ದಾಗಲೇ. ದಿನಕ್ಕೆ ಮೂರು ಸಲ ಎತ್ತಿಕೊಳ್ಳುತ್ತಿದ್ದ ನಿನಗೆ, ಕಾರ್ಡಿಗೆ ಬಿಳಿ ಉಗುರೆಂದು ಬರೆಸಿದ ನಿನಗೆ, ಅದು ಗೊತ್ತಾಗದೆ ಇರಲಿಲ್ಲ.

ಒಂದೊಂದೇ ನೆನಪಾಗುತ್ತಿದೆ. ಚಿಕಿತ್ಸೆಯ ನಂತರ ಮೂರು ವಾರ ಧೂಳು ಸೋಕಬಾರದೆಂದು ಕಣ್ಣಿನ ವೈದ್ಯರು ಹೇಳಿದ್ದು ನಿಜ. ಮರದ ಹೊಟ್ಟಿನ ಧೂಳೆಂದು ಪೆಟ್ಟಿಗೆಯನ್ನು ನಿನ್ನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದವಳು ನೀನು. ಮೂರು ವಾರದ ನಂತರ ನಾನು ಅವನನ್ನು ನೋಡಿ, ಎಷ್ಟು ಹೊಳೆಯುತ್ತಿದ್ದಾನೆ, ಮೈಬಣ್ಣ ಜೇನಿನ ಹಾಗಿದೆಯಲ್ಲ ಎಂದೆ. ಆಗ ನೀನು ಕಿಟಕಿಯ ಕಡೆ ತಿರುಗಿಕೊಂಡು, "ನಿಂಗೆ ಕಣ್ಣು ಹೊಸದಲ್ವಾ ಅಪ್ಪ, ಎಲ್ಲಾ ಹೊಸದಾಗೇ ಕಾಣುತ್ತೆ" ಎಂದೆ. ನಾನು ನಂಬಿದೆ. ಯಾಕೆಂದರೆ ಗೋಡೆಯೂ ಹಾಗೇ ಕಾಣುತ್ತಿತ್ತು, ಹಾಲೂ ಹಾಗೇ ಕಾಣುತ್ತಿತ್ತು, ನಿನ್ನ ಮುಖವೂ ಹಾಗೇ ಕಾಣುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಕಾಮಾಲೆ ಹೋದವನಿಗೆ ಏನು ಕಾಣಬೇಕೆಂದು ಯಾರೂ ಹೇಳಿಲ್ಲ. ಇನ್ನೊಂದು ವಿಷಯ. ವಾರಕ್ಕೊಂದು ಚಿತ್ರ ತಪ್ಪದೆ ಕಳಿಸಬೇಕೆಂದು ನೀನು ಹಟ ಹಿಡಿದೆ. ಆದರೆ ನಿನ್ನ ಇಪ್ಪತ್ತಮೂರು ಪತ್ರಗಳಲ್ಲೂ ಮೊದಲು ಕೇಳುವುದು ನನ್ನ ಕಣ್ಣನ್ನು, ಆಮೇಲೆ ಅತ್ತೆಯನ್ನು, ಕೊನೆಗೆ ಒಂದೇ ಸಾಲಿನಲ್ಲಿ ಗುಮಾಸ್ತನನ್ನು. ಸ್ಟುಡಿಯೋ ಮುಚ್ಚಿಬಿಡುತ್ತೇನೆ, ಇನ್ನು ಕೈಗೆ ಧೈರ್ಯವಿಲ್ಲ ಎಂದು ನಾನು ಆಗ ಹೇಳುತ್ತಿದ್ದೆ. ಈ ನಲವತ್ತೆಂಟು ಚಿತ್ರಗಳು ಯಾರಿಗಾಗಿ ಎಂದು ಈಗ ಅನುಮಾನ.

ನೀನು ಮಳೆಯನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಬರೆದಿಡುವವಳು. ಮಳೆ ಬೀಳದ ದಿನವೂ ಬಿಡದೆ ಸೊನ್ನೆ ಬರೆಯುವವಳು. ಕಂಡದ್ದನ್ನು ಕಂಡ ಹಾಗೆ ಬರೆ ಎಂದು ನಿನಗೆ ಹೇಳಿಕೊಟ್ಟವನು ನಾನು. ಅವನು ಸತ್ತ ಎಂದು ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಾಲ್ಕು ಬೆರಳಿನಷ್ಟು ಪ್ರಾಣಿ, ಅದರ ಆಯಸ್ಸೇ ಮೂರು ನಾಲ್ಕು ವರ್ಷ. ನಿನ್ನ ಅಮ್ಮ ಹೋದದ್ದನ್ನೇ ತಡೆದುಕೊಂಡವನಲ್ಲವೇ ನಾನು? ಹೀಗಿರುವಾಗ ಇಷ್ಟು ಸಣ್ಣ ಸಾವನ್ನು ನೀವಿಬ್ಬರೂ ಸೇರಿ ಮುಚ್ಚಿಡುವಂಥದ್ದು ಏನಿತ್ತು? ಅಕ್ಕ ತನ್ನದಲ್ಲದ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡು ಮನೆ ಬಿಡಲು ತಯಾರಾಗುವಷ್ಟು ಏನಿತ್ತು? ಅವಳನ್ನು ಕೇಳಿದೆ. "ನಾನು ಹೇಳೋದು ಹೇಳಿ ಆಯ್ತು" ಎಂದು ಬಟ್ಟೆ ಮಡಿಸುತ್ತ ಕುಳಿತಳು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಕಾರಣ ಬರೆ. ನಿನ್ನ ಉತ್ತರ ಬರಲು ಇನ್ನೂ ಹದಿನೈದು ದಿನ ಬೇಕು, ಬಸ್ಸು ಮಂಗಳವಾರ. ಆದ್ದರಿಂದ ಅವಳನ್ನು ತಡೆಯಲು ನನ್ನ ಕೈಯಲ್ಲಿ ಯಾವ ಮಾತೂ ಇಲ್ಲ.

ಎರಡು ವಾರದ ಎರಡು ಚಿತ್ರಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಇವತ್ತಿನದರಲ್ಲಿ ಅವನು ಸ್ವಲ್ಪ ಎಡಕ್ಕೆ ವಾಲಿದ್ದಾನೆ. ಮುಲಾಮು ಹಚ್ಚಿದ ಕಡೆ ನೆಕ್ಕದಂತೆ ಹಿಡಿದುಕೊಳ್ಳಬೇಕಾಯಿತು. ಸೂರ್ಯಕಾಂತಿ ಬೀಜವನ್ನು ನಾನೇ ಸುಲಿದು ಕೊಟ್ಟೆ. ಮೈ ಬೆಚ್ಚಗಿಟ್ಟುಕೊ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮೇಲೆ ಸಿಟ್ಟಿದ್ದರೂ ಹಾರೈಕೆಯಲ್ಲಿ ಏನೂ ಕಡಿಮೆ ಮಾಡಿಲ್ಲ. ನೂರು ವರ್ಷ ಬಾಳು. ನಿನ್ನ ಜೊತೆಯವರಿಬ್ಬರಿಗೂ ನನ್ನ ನಮಸ್ಕಾರ ಹೇಳು.

ನಿನ್ನ
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ಅಂಚು ಹರಿದಿರುವುದು ಅದಕ್ಕೆ.

ಅಕ್ಕ ಎರಡು ದಿನದಿಂದ ಹಿತ್ತಿಲ ಗಿಡಗಳಿಗೆ ನೀರು ಹಾಕಿರಲಿಲ್ಲ. ನಾನು ಹಾಕಲು ಹೋದೆ. ಗೋಡೆಯ ಮೂಲೆಯ ಸೇವಂತಿಗೆ ಕುಂಡ ಒಣಗಿತ್ತು. ನೆರಳಿಗೆ ಸರಿಸೋಣವೆಂದು ಎತ್ತಿದರೆ ಕೆಳಗೆ ಚಪ್ಪಡಿ ಕಲ್ಲು. ಒಡೆದಿಲ್ಲ, ಬಿರುಕೂ ಇಲ್ಲ. ಮಣ್ಣಿನ ಮೇಲೆ ಸಮವಾಗಿ, ಒಂದೆಳೆಯೂ ವಾಲದೆ ಕುಳಿತಿದೆ. ನಾನು ಅದನ್ನು ಎತ್ತಲಿಲ್ಲ.

ಚಿಕಿತ್ಸೆಗೆ ಮುಂಚಿನ ದಿನ ಭಾನುವಾರ, ಗುಬ್ಬಿ. ನೀನು ಕಣ್ಣಿನ ಹನಿ ತರಲು ಔಷಧದ ಅಂಗಡಿಗೆ ಹೋಗಿದ್ದೆ. ಅಕ್ಕ ನನ್ನ ಬಟ್ಟೆ ಜೋಡಿಸುತ್ತಿದ್ದಳು. ಈ ವಾರ ಕಲ್ಲು ತೊಳೆಯುವುದು ಬೇಡಪ್ಪ, ನಾನು ಬಂದು ಮಾಡ್ತೀನಿ ಎಂದು ನೀನು ಹೇಳಿಹೋಗಿದ್ದೆ. ಭಾನುವಾರದ ಕೆಲಸ ಭಾನುವಾರ ಎಂದು ನಾನೇ ತೊಳೆದೆ. ಕಂದು ರಟ್ಟಿನ ಚೂರು, ಕಂದು ಪ್ರಾಣಿ, ನನ್ನ ಕಣ್ಣಿಗೆ ಎಲ್ಲವೂ ಒಂದೇ ಮಂಜು. ಕಲ್ಲನ್ನು ಇಟ್ಟಾಗ ಅದು ಸರಿಯಾಗಿ ಕೂರಲಿಲ್ಲ. ಕೆಳಗೆ ಮೆತ್ತಗಿತ್ತು. ಚೂರು ಹೆಚ್ಚಾಗಿದೆ ಎಂದುಕೊಂಡು, ಸಮವಾಗಲೆಂದು ಎರಡೂ ಅಂಗೈಯಿಂದ ಒತ್ತಿದೆ. ಸಮವಾಯಿತು. ಮುಚ್ಚಳ ಹಾಕಿ ಕೈ ತೊಳೆದುಕೊಂಡು ಊಟಕ್ಕೆ ಕುಳಿತೆ.

ಇಷ್ಟೇ ನಾನು ಕೇಳಬೇಕಾದದ್ದು. ಹೌದು ಅಥವಾ ಅಲ್ಲ, ಒಂದೇ ಪದ ಬರೆ. ಹೌದಾಗಿದ್ದರೆ ಅಲ್ಲ ಎಂದು ಬರೆಯಬೇಡ.

ಮಣ್ಣಿನ ಕೈಯಲ್ಲಿ ಒಳಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಸರಿಸಿದ ಕುಂಡ ಅವಳಿಗೆ ಕಾಣುತ್ತಿತ್ತು. ಸೋಪು ಕೊಟ್ಟು, ತಾನೇ ಚೊಂಬಿನಿಂದ ನನ್ನ ಕೈಗೆ ನೀರು ಹೊಯ್ದಳು. "ಅವಳಿಗೆ ಮಾತು ಕೊಟ್ಟಿದ್ದೆ ಕಣೋ" ಎಂದಷ್ಟೇ ಹೇಳಿದಳು. ಬಾಗಿಲ ಬಳಿಯ ಚೀಲವನ್ನು ನಾನು ಎತ್ತಿ ಅವಳ ಕೋಣೆಯಲ್ಲಿಟ್ಟೆ. ಅವಳು ನೋಡುತ್ತಿದ್ದಳು, ಬೇಡವೆನ್ನಲಿಲ್ಲ. ಈಗ ಅಡುಗೆಮನೆಯಲ್ಲಿ ರೇಡಿಯೋ ಹಾಕಿದ್ದಾಳೆ.

ಇವತ್ತಿನ ಚಿತ್ರದ ಹಿಂಬದಿಯಲ್ಲಿ ಎಂದಿನಂತೆ ಹೆಸರು, ತಾರೀಖು, ತೂಕ ಬರೆದಿದ್ದೇನೆ. ವಯಸ್ಸು ನಾಲ್ಕು ಎಂದು ಬರೆದದ್ದನ್ನು ಹೊಡೆದುಹಾಕಿದ್ದೇನೆ. ಇವನ ಸರಿಯಾದ ವಯಸ್ಸು ನಿನಗೆ ಗೊತ್ತಿರುತ್ತದೆ. ತಿಳಿಸು, ತುಂಬಿಕೊಳ್ಳುತ್ತೇನೆ.